ಹಂಡೆ ನೋಡಿ ಎಂಜಿನ್ ರೋಗ ಹೇಳುವ ಜಬೀವುಲ್ಲಾ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿ ಉಷಾರಾಣಿಯವರ ಮನೆ ಮುಂದೆ ಮೊಪೆಡ್ ನಿಲ್ಲಿಸಿ, ಐವತ್ತೆಂಟು ವರ್ಷದ ಮೆಕ್ಯಾನಿಕ್ ಜಬೀವುಲ್ಲಾ ತಮ್ಮ ಕ್ಯಾನ್ವಾಸ್ ಚೀಲ ಇಳಿಸಿಕೊಳ್ಳುತ್ತಾರೆ. ಅಂಗಳದಲ್ಲಿ ಹಳೆಯ ಡೀಸೆಲ್ ಕಾರು ನಿಂತಿದೆ. ಹಿಂಭಾಗದಲ್ಲಿ ಎದುರುಬದುರು ಸೀಟುಗಳಿರುವಂಥದ್ದು. ತಾವು ಫೋನಿನಲ್ಲಿ ಹೇಳಿ ರಾತ್ರಿಯೇ ಅದರಡಿ ಹಾಸಿಸಿದ್ದ ರಟ್ಟನ್ನು ಅವರು ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯುತ್ತಾರೆ. ಆಯಿಲ್‌ನ ಒಂದು ಹನಿ ಬಿದ್ದಿದೆ, ಅಷ್ಟೆ. ನೀರಿನ ಕಲೆ ಎಲ್ಲೂ ಇಲ್ಲ.

ಉಷಾರಾಣಿ ಕೀಲಿ ಹಿಡಿದು ಬರುತ್ತಾರೆ. “ಸ್ಟಾರ್ಟ್ ಮಾಡ್ಲೇನಣ್ಣ?”

“ಬ್ಯಾಡ ತಂಗಿ, ತಣ್ಣಗಿರ್ಲಿ. ಮೊದ್ಲು ನಿಮ್ಮನೆ ಬಿಸ್ನೀರ್ ಹಂಡೆ ತೋರ್ಸು.”

ಬಚ್ಚಲುಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ತಿಪ್ಪಕ್ಕ ಸುಮ್ಮನಿರುವವರಲ್ಲ. “ಕಾರು ಕೆಟ್ಟೈತೆ ಅಂತ ಕರೆಸಿದ್ರೆ ಮೇಸ್ತ್ರಿ ಬಚ್ಚಲಿಗೆ ಬರ್ತಾನಲ್ಲೇ! ಜಳಕ ಮಾಡ್ಕಂಡು ಹೋಗ್ತೀಯೇನಪ್ಪ?”

ಜಬೀವುಲ್ಲಾ ನಗುತ್ತಲೇ ಹಂಡೆಯೊಳಗೆ ಕೈ ಬಿಟ್ಟು ಉಗುರಿನಿಂದ ಕೆರೆಯುತ್ತಾರೆ. ಮೊಟ್ಟೆಯ ಸಿಪ್ಪೆಯಂಥ ಬಿಳಿ ಚೂರು ಎದ್ದು ಬರುತ್ತದೆ. “ತಿಕ್ಕಿ ಎಷ್ಟ್ ದಿನ ಆತು ತಿಪ್ಪಕ್ಕ?”

“ಯಾಕೆ? ನಾನು ಹಂಡೆ ತಿಕ್ಕಲಿಲ್ಲ ಅಂತ ಕಾರು ಮುನಿಸ್ಕಂಡೈತಾ?”

“ಹೊರಗೆ ಫಳಫಳ ಅಂತೈತೆ, ಒಳಗೆ ನೋಡ್ರಿ. ಕಾರಿಗೂ ಇದೇ ಬೋರ್ ನೀರು ಹಾಕಿದ್ರೆ ಅದ್ರ ಹೊಟ್ಟೇಲೂ ಹಿಂಗೇ ಕಟ್ಟಿರ್ತೈತೆ. ಇದು ನನ್ನ ಅನುಮಾನ ಅಷ್ಟೆ, ಇನ್ನೂ ನೋಡ್ಬೇಕು.”

ಉಷಾರಾಣಿಗೆ ಈ ಅನುಮಾನ ಬೇಗ ತೀರಬೇಕಿದೆ. ಲಾರಿ ಓಡಿಸುವ ಗಂಡನಿಂದ ಸ್ಟೀರಿಂಗ್ ಕಲಿತ ಅವರು ಮೂರು ವರ್ಷದಿಂದ ಊರಿನ ಎಂಟು ಹೆಂಗಸರನ್ನು ಪ್ರತಿದಿನ ಗಾರ್ಮೆಂಟ್ಸ್ ಕೆಲಸಕ್ಕೆ ಕರೆದೊಯ್ದು ಕರೆತರುತ್ತಾರೆ. ಮೊದಲ ಬಸ್ಸು ಮುಟ್ಟುವ ಹೊತ್ತಿಗೆ ಕಾರ್ಖಾನೆಯ ಗೇಟು ಮುಚ್ಚಿರುತ್ತದೆ. ಕಾರು ಏರಿನಲ್ಲಿ ಕುದಿದು ನಿಲ್ಲತೊಡಗಿದ ಮೇಲೆ ಐದು ದಿನ ಎಂಟೂ ಜನರಿಗೆ ಗೈರುಹಾಜರಿ ಬಿದ್ದಿದೆ. ಸೋಮವಾರವೂ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುವುದಾಗಿ ಸೂಪರ್‌ವೈಸರ್ ಹೇಳಿದ್ದಾರೆ. ಪೇಟೆಯ ಗ್ಯಾರೇಜೊಂದರಲ್ಲಿ, ಎಂಜಿನ್ನಿನ ಹೆಡ್, ಅಂದರೆ ಮೇಲಿನ ಮುಚ್ಚಳ, ಹೋಗಿದೆ, ರಿಪೇರಿಗಿಂತ ಗುಜರಿಗೆ ಹಾಕುವುದೇ ಲೇಸು ಎಂದರು. ಇವತ್ತು ಭಾನುವಾರ. ಗುಜರಿ ವ್ಯಾಪಾರಿ ಚಂದ್ರು ಹತ್ತು ಗಂಟೆಗೆ ಬರುವುದಾಗಿ ಹೇಳಿದ್ದಾರೆ.

ಜಬೀವುಲ್ಲಾ ಹೊಸದುರ್ಗದವರು. ಹತ್ತೊಂಬತ್ತು ವರ್ಷ ಚಿತ್ರದುರ್ಗದಲ್ಲಿ ಬೇರೆಯವರ ಗ್ಯಾರೇಜುಗಳಲ್ಲಿ ದುಡಿದರು. ಆಮೇಲೆ ಹಾಕಿಕೊಂಡ ಸ್ವಂತ ಶೆಡ್ಡು ರಸ್ತೆ ಅಗಲೀಕರಣಕ್ಕೆ ಹೋಯಿತು. ಬೇರೆ ಜಾಗ ಸಿಗುವವರೆಗೆ ಎಂದುಕೊಂಡು ಮನೆಮನೆಗೆ ಹೋಗಿ ಕಾರು ನೋಡತೊಡಗಿದರು. ಈಗ ಹನ್ನೆರಡು ವರ್ಷವಾಯಿತು, ಜಾಗ ಹುಡುಕುವುದನ್ನೇ ಬಿಟ್ಟಿದ್ದಾರೆ. ದಿನಕ್ಕೆ ಎರಡು ಮನೆ, ಹೆಚ್ಚೆಂದರೆ ಮೂರು. ಹಿರಿಯೂರು, ಹೊಳಲ್ಕೆರೆ ಕಡೆ ಹೊರಟ ದಿನ ಮೊಪೆಡ್ಡಿನ ಮೇಲೆ ನೂರು ಕಿಲೋಮೀಟರ್ ದಾಟುವುದೂ ಉಂಟು.

“ಗ್ಯಾರೇಜಿಗೆ ಬರೋ ಗಾಡಿ ಓಡಿ, ಕಾದು ಬಂದಿರ್ತೈತೆ. ರಾತ್ರಿಯೆಲ್ಲ ನಿಂತಿದ್ದು ಬೆಳಿಗ್ಗೆ ಮೊದ್ಲು ಕೆಮ್ಮೋದು ಮನೆ ಅಂಗಳದಾಗೆ. ಆ ಮೊದಲ್ನೇ ಕೆಮ್ಮು ಕೇಳ್ಬೇಕು” ಎನ್ನುವ ಅವರು, ಅದಕ್ಕಾಗಿಯೇ ಕೋಳಿ ಕೂಗುವ ಹೊತ್ತಿಗೆ ಮನೆ ಬಿಡುತ್ತಾರೆ.

ಹಂಡೆ ನೋಡುವ ಬುದ್ಧಿ ಮಾತ್ರ ತಮ್ಮದಲ್ಲ ಎಂದು ಅವರು ಎಲ್ಲರಿಗೂ ಹೇಳುತ್ತಾರೆ. ಅದು ಹೆಂಡತಿ ಪ್ಯಾರಿ ಬೀ ಅವರದು. ಒಂದೇ ಬೇಸಿಗೆಯಲ್ಲಿ ನಾಲ್ಕು ಕಾರು ಒಂದೇ ಥರ ಕುದಿದಾಗ ಕಾರಣ ತಿಳಿಯದೆ ತಲೆ ಕೆಡಿಸಿಕೊಂಡು ಕೂತಿದ್ದರಂತೆ. ಚಹಾದ ಪಾತ್ರೆಯ ತಳದ ಬಿಳಿ ಗಟ್ಟಿಯನ್ನು ಹುಣಸೆಹುಳಿ ಹಾಕಿ ಉಜ್ಜುತ್ತಿದ್ದ ಪ್ಯಾರಿ ಬೀ, “ಪಾತ್ರೆಗೇ ಇಷ್ಟು ಹಿಡಿಯೋ ನೀರು ನಿಮ್ಮ ಇಂಜಿನ್‌ಗೆ ಹಿಡಿಯಲ್ವಾ?” ಎಂದರು. “ಹದಿನೈದು ವರ್ಷ ಪಾನಾ ಹಿಡ್ದಿದ್ದ ನನಗೆ ಹೊಳೀಲಿಲ್ಲ ನೋಡ್ರಿ” ಎಂದು ಜಬೀವುಲ್ಲಾ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ಹಾಗೆಂದು ಕುದಿಯುವ ಕಾರಿಗೆಲ್ಲ ನೀರಿನದೇ ದೋಷವಲ್ಲ. ತಾವು ನೋಡುವ ಹತ್ತರಲ್ಲಿ ನಾಲ್ಕು ಇರಬಹುದು ಎಂಬುದು ಅವರ ಅಂದಾಜು, ಬರೆದಿಟ್ಟ ಲೆಕ್ಕವೇನಲ್ಲ.

ಬಾನೆಟ್ ಎತ್ತಿದ ಮೇಲೆ ಅವರ ಮಾತು ಕಡಿಮೆಯಾಗುತ್ತದೆ. ಆಯಿಲ್ ಕಡ್ಡಿ ಎಳೆದು ಬೆರಳಿಗೆ ಒರೆಸಿಕೊಳ್ಳುತ್ತಾರೆ. ಹೆಡ್ ಹೋಗಿ ಒಳಗೆ ನೀರು ಸೇರಿದ್ದರೆ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಬೇಕು. ಇದು ಕಪ್ಪಗೇ ಇದೆ. ರೇಡಿಯೇಟರಿನ ಮುಚ್ಚಳ ತೆಗೆದು, ಈಗ ಸ್ಟಾರ್ಟ್ ಮಾಡು ಎಂದು ಸನ್ನೆ ಮಾಡುತ್ತಾರೆ. ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಳ್ಳುತ್ತದೆ. ತೆರೆದ ಬಾಯಿಯಲ್ಲಿ ನೀರಿನ ಗುಳ್ಳೆ ಏಳುತ್ತದೆ. ಹಿಂದೆಯೇ ಇನ್ನೊಂದು.

ಉಷಾರಾಣಿ ಗುಳ್ಳೆಯನ್ನೂ ಅವರ ಮುಖವನ್ನೂ ನೋಡುತ್ತಾರೆ. “ಗ್ಯಾರೇಜ್‌ನಾಗೆ ಇದನ್ನೇ ತೋರ್ಸಿ ಹೆಡ್ ಹೋಗೈತೆ ಅಂದ್ರು. ಹೌದೇನಣ್ಣ?”

ಜಬೀವುಲ್ಲಾ ಗುಳ್ಳೆಯಿಂದ ಕಣ್ಣು ತೆಗೆಯುವುದಿಲ್ಲ. ಹೆಡ್ ಹೋಗಿದ್ದರೆ ಎಂಜಿನ್ನಿನ ಹೊಗೆ ನೀರಿಗೆ ನುಗ್ಗುತ್ತಲೇ ಇರುತ್ತದೆ, ಗುಳ್ಳೆ ನಿಲ್ಲಬಾರದು. ಒಳಗೆ ಸಿಕ್ಕಿಕೊಂಡ ಬರಿಯ ಗಾಳಿಯಾದರೆ ತಾನಾಗಿ ನಿಲ್ಲಬೇಕು. ಕಾಯದೆ ಹೇಳಿದರೆ ಏನಾಗುತ್ತದೆಂದು ಅವರು ಒಮ್ಮೆ ಅನುಭವಿಸಿದ್ದಾರೆ. ಎಂಟು ವರ್ಷದ ಹಿಂದೆ ಹೊಳಲ್ಕೆರೆಯ ಶಿವಯ್ಯ ಎಂಬುವರ ಕಾರಿನಲ್ಲಿ ಬಿಸಿ ತೋರಿಸುವ ಮುಳ್ಳನ್ನಷ್ಟೇ ನೋಡಿ, ಏನೂ ಆಗಿಲ್ಲ ಹೋಗ್ರಿ ಎಂದಿದ್ದರು. ಕೆಟ್ಟಿದ್ದದ್ದು ಆ ಮುಳ್ಳೇ. ಚಿತ್ರದುರ್ಗದ ದಾರಿಯ ನಡುವೆ ಎಂಜಿನ್ ಜಾಮ್ ಆಗಿ, ಮಕ್ಕಳು ಮರಿ ಸಮೇತ ಆ ಸಂಸಾರ ಉರಿಬಿಸಿಲಲ್ಲಿ ನಿಂತಿತು. “ಅವ್ರು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು” ಎನ್ನುತ್ತಾರೆ. ಅಂದಿನಿಂದ ಅವರು ಮುಳ್ಳು ನಂಬುವುದಿಲ್ಲ, ಕೈ ಇಟ್ಟು ನೋಡುತ್ತಾರೆ.

ಹತ್ತು ನಿಮಿಷ ಕಳೆಯುತ್ತದೆ. ಗುಳ್ಳೆ ವಿರಳವಾಗಿ, ಕೊನೆಗೆ ನಿಲ್ಲುತ್ತದೆ. ಅವರು ಇನ್ನೂ ಐದು ನಿಮಿಷ ಬಗ್ಗಿಯೇ ಇರುತ್ತಾರೆ. ಎಂಜಿನ್ ಕಾದ ಮೇಲೆ ರೇಡಿಯೇಟರಿನ ಮೇಲಿನ ಪೈಪನ್ನು ಮುಟ್ಟಿ ಥಟ್ಟನೆ ಕೈ ತೆಗೆಯುತ್ತಾರೆ, ಸುಡುತ್ತಿದೆ. ಕೆಳಗಿನದು ಮಣ್ಣಿನ ಮಡಕೆಯಷ್ಟು ತಣ್ಣಗಿದೆ. ಮೇಲಿಂದ ಬಿಸಿನೀರು ಇಳಿಯಲು ದಾರಿಯೇ ಇಲ್ಲ.

“ಇಂಜಿನ್ ಸತ್ತಿಲ್ಲ ತಂಗಿ, ಉಸಿರು ಕಟ್ಟೈತೆ. ಬಿಡಿಸಾಕೆ ನೋಡಾಣ.”

ಕಾರು ಆರಿದ ಮೇಲೆ ಥರ್ಮೋಸ್ಟಾಟ್ ಬಿಚ್ಚುತ್ತಾರೆ. ನೀರು ಕಾದಾಗ ಬಾಯಿ ತೆರೆದು ರೇಡಿಯೇಟರಿಗೆ ಬಿಡುವ, ಅಂಗೈಯಗಲದ ಬಾಗಿಲು ಅದು. ಅದನ್ನು ಪರೀಕ್ಷಿಸುವುದು ತಿಪ್ಪಕ್ಕನ ಒಲೆಯ ಮೇಲೆ, ಹಳೆಯ ಪಾತ್ರೆಯಲ್ಲಿ. ನೀರು ಕೊತಕೊತ ಕುದ್ದರೂ ಅದು ಅರ್ಧದಷ್ಟೇ ಬಾಯಿ ಬಿಡುತ್ತದೆ.

“ಇದೇನು, ಇವತ್ತು ಸಾರಿಗೆ ಇದನ್ನೇ ಹಾಕ್ಲಾ?” ಎಂದು ತಿಪ್ಪಕ್ಕ ಇಣುಕುತ್ತಾರೆ.

“ಹಾಕ್ರಿ, ಉಪ್ಪು ಬೇಕಾಗಲ್ಲ. ಬೇಕಾದಷ್ಟು ಕಟ್ಕಂಡೈತೆ.”

ಚೀಲದಲ್ಲಿದ್ದ ಹೊಸ ಥರ್ಮೋಸ್ಟಾಟ್ ಕೂರುತ್ತದೆ. ಅಂಗಡಿಯ ನಿಂಬೆ ಉಪ್ಪನ್ನು ನೀರಿನಲ್ಲಿ ಕದಡಿ ರೇಡಿಯೇಟರಿಗೆ ತುಂಬಿ ಎಂಜಿನ್ ಓಡಿಸುತ್ತಾರೆ. ಆರಿಸಿ ಅಡಿಯ ತಿರುಪು ಬಿಚ್ಚಿದರೆ ಸುಣ್ಣ ಕಲಸಿದಂಥ ನೀರು, ಜೊತೆಗೆ ಬಿಳಿ ಚಕ್ಕೆಗಳು. ಎರಡನೇ ಸಲ ತುಂಬಿ ಇಳಿಸುವಾಗ ಗುಜರಿ ಚಂದ್ರು ಬಂದು ನಿಲ್ಲುತ್ತಾರೆ.

“ಏನಕ್ಕ, ಕೊಡ್ತೀರೋ ಇಲ್ವೋ? ನನಗೆ ಬಬ್ಬೂರಿಗೂ ಹೋಗ್ಬೇಕು.”

ಉಷಾರಾಣಿ ತಿರುಗುತ್ತಾರೆ. “ನೀವೇ ಹೇಳ್ರಿ ಜಬೀವಣ್ಣ. ಇವ್ರನ್ನ ಕಳಿಸ್ಲಾ?”

ಹೌದು ಎನ್ನುವುದು ಸುಲಭವಿತ್ತು. ಜಬೀವುಲ್ಲಾ ಕೈ ಒರೆಸಿಕೊಳ್ಳುತ್ತಾ, “ನನಗೆ ಇನ್ನೂ ಗೊತ್ತಿಲ್ಲ. ತುಂಬಿದ ಗಾಡಿ ಏರು ಹತ್ತಿದ ಮೇಲೆ ಹೇಳ್ತೀನಿ. ಒಂದು ಗಂಟೆ ನಿಲ್ಸು ಅವ್ರನ್ನ” ಎನ್ನುತ್ತಾರೆ.

ಶುದ್ಧ ನೀರಿನ ಘಟಕದಿಂದ ತಂದ ನೀರಿನಲ್ಲಿ ಎರಡು ಸಲ ತೊಳೆದು, ಅದೇ ನೀರಿಗೆ ಎಂಜಿನ್ ತಂಪಿಡುವ ಕೂಲಂಟ್ ಬೆರೆಸಿ ತುಂಬುವಷ್ಟರಲ್ಲಿ ಸುದ್ದಿ ಹರಡಿ ಗಾರ್ಮೆಂಟ್ಸಿನ ಏಳು ಹೆಂಗಸರು ಸೇರಿದ್ದಾರೆ. ಎಂಟನೆಯವರು ತವರಿಗೆ ಹೋಗಿದ್ದಾರೆ, ರಾತ್ರಿಗೆ ಬರುತ್ತಾರೆ. ಒಬ್ಬರ ತೂಕ ಕಡಿಮೆ ಎಂದು ಜಬೀವುಲ್ಲಾ ಅನುಮಾನಿಸುತ್ತಿರುವಾಗ ಕಾವ್ಯಶ್ರೀ ಎಂಬಾಕೆ, “ಗುಜರಿಯಣ್ಣ ಸುಮ್ನೆ ನಿಂತವ್ರಲ್ಲ, ಹತ್ತಿಸ್ಕಳ್ರಿ. ಅವ್ರೊಬ್ರೇ ಇಬ್ರಿಗೆ ಸಮ” ಎನ್ನುತ್ತಾಳೆ. ಕಾರನ್ನು ತೂಕಕ್ಕೆ ಕೊಳ್ಳಲು ಬಂದ ಚಂದ್ರು ತಾವೇ ತೂಕವಾಗಿ ಹಿಂದಿನ ಸೀಟಿನಲ್ಲಿ ಕೂರುತ್ತಾರೆ.

ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಪ್ರತಿಸಲ ಹಬೆಯೆದ್ದು ನಿಲ್ಲುತ್ತಿದ್ದ ಏರಿನ ಅರ್ಧ ಬರುತ್ತದೆ. ಕಾರು ಎರಡನೇ ಗೇರಿನಲ್ಲಿ ಗೊಣಗುತ್ತಾ ಹತ್ತಿ ನೆತ್ತಿ ಮುಟ್ಟುತ್ತದೆ. ಜಬೀವುಲ್ಲಾ ಇಳಿದು ಬಾನೆಟ್ ಎತ್ತಿ, ಉಷಾರಾಣಿಯನ್ನು ಕರೆಯುತ್ತಾರೆ. “ಮುಳ್ಳು ನೋಡ್ಬ್ಯಾಡ. ಕೈ ಫ್ಯಾನಿಂದ ದೂರ ಇಟ್ಕಂಡು ಕೆಳಗಿನ ಪೈಪು ಮುಟ್ಟು.”

“ಬೆಚ್ಚಗೈತಣ್ಣ.”

“ಹಂಗಾದ್ರೆ ನೀರು ಓಡಾಡ್ತೈತೆ.”

“ನಾನು ಬಂದಿದ್ದು ಇದನ್ನ ತಗಂಡು ಹೋಗಾಕೆ” ಎಂದು ಚಂದ್ರು ಒಳಗಿಂದಲೇ ಗೊಣಗುತ್ತಾರೆ. “ಈಗ ಇದೇ ನನ್ನ ವಾಪಸ್ ಬಿಡ್ಬೇಕಲ್ಲ!” ಹೆಂಗಸರ ನಗು ರಸ್ತೆಗೆ ಕೇಳಿಸುತ್ತದೆ.

ಆದರೂ, ಕಾರು ಸರಿಹೋಯಿತು ಎಂಬ ಮಾತು ಜಬೀವುಲ್ಲಾರ ಬಾಯಿಂದ ಬರುವುದಿಲ್ಲ. “ನಾಳೆ ಎಂಟೂ ಜನಾನ ಕರ್ಕಂಡು ಹೋಗು. ಸಂಜೆ ಎಲ್ರೂ ಮನೆ ಮುಟ್ಟಿದ ಮೇಲೆ ಫೋನ್ ಮಾಡು. ಆಮೇಲೆ ಹೇಳ್ತೀನಿ.”

ಸೋಮವಾರ ಸಂಜೆ ಏಳಕ್ಕೆ ಹತ್ತು ನಿಮಿಷವಿರುವಾಗ ಫೋನು ಬರುತ್ತದೆ. ಜಬೀವುಲ್ಲಾ ಹಾಲುರಾಮೇಶ್ವರದ ದಾರಿಯಲ್ಲಿ ಮೊಪೆಡ್ ಬದಿಗೆ ನಿಲ್ಲಿಸಿದ್ದಾರೆ.

“ಗೇಟಿಗೆ ಟೈಮಿಗೆ ಮುಟ್ಟಿದ್ರಾ?”

“ಹತ್ತು ನಿಮಿಷ ಮುಂಚೇನೇ.”

“ಸಂಜೆ ಏರಿನಾಗೆ?”

“ನಿಲ್ಲಲೇ ಇಲ್ಲ. ಎಂಟೂ ಜನ ಮನೇಲವ್ರೆ ಜಬೀವಣ್ಣ.”

ಅವರು ತಡೆದಿಟ್ಟುಕೊಂಡಿದ್ದ ಮಾತನ್ನು ಈಗ ಹೇಳುತ್ತಾರೆ. “ಆತು ತಂಗಿ. ಗಾಡಿ ಸರಿಹೋತು.”