ಎರಡು ಸೀಟಿನ ಕಾರು

ಇಂಡಿ ಪಟ್ಟಣದ ನಿಂಬೆಹಣ್ಣಿನ ಮಂಡಿಯಲ್ಲಿ ಆ ಮಧ್ಯಾಹ್ನ ಸಾಹುಕಾರರು, ಅವರ ಗೆಳೆಯರಾದ ಮಾಸ್ತರರು ಮತ್ತು ನಾನು ಕೂತಿದ್ದೆವು. ಸಾಹುಕಾರರು ಅಂಗೈಯಲ್ಲಿ ಒಂದು ನಿಂಬೆಹಣ್ಣು ಉರುಳಿಸುತ್ತ, ಮೊಬೈಲಿನಲ್ಲಿ ಎರಡು ಸ್ಪೋರ್ಟ್ಸ್ ಕಾರುಗಳನ್ನು ಹೋಲಿಸಿ ನೋಡುತ್ತಿದ್ದರು. ಏನು ಕೊಳ್ಳುವಾಗಲೂ ಅವರದು ಒಂದೇ ಮಾತು: "ತಡೀರಿ, ಇನ್ನೊಮ್ಮೆ ನೋಡೂಣು."

ಕೆಂಪು ಕಾರು ವೇಗದಲ್ಲಿ ಮುಂದು, ಆದರೆ ಎರಡೇ ಸೀಟು. ಬೂದು ಬಣ್ಣದ್ದರಲ್ಲಿ ಹಿಂದೆಯೂ ಇಬ್ಬರು ಕೂರಬಹುದು. ಅವರ ಜೀವವೆಲ್ಲ ಕೆಂಪಿನ ಮೇಲೇ ಇತ್ತು. ತೊಡಕೆಂದರೆ, ಅವರ ಮನೆಗೆ ಹೊಸ ಗಾಡಿ ಬಂದರೆ ಮೊದಲು ತಾಯಿ, ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಬಸವನ ಬಾಗೇವಾಡಿಯ ಗುಡಿಗೆ ಹೋಗಬೇಕು. ಟ್ರ್ಯಾಕ್ಟರ್ ತಂದಾಗಲೂ ಹಾಗೇ ಹೋಗಿದ್ದರು.

"ಬೂದು ಬಣ್ಣದ್ದ ತಗೋರಿ, ಜಗಳ ಇಲ್ಲ," ಅಂದರು ಮಾಸ್ತರರು.

"ಅದರ ಹಿಂದಿನ ಸೀಟ ನೋಡೀರೇನ್ರಿ? ನಮ್ಮವ್ವನ್ನ ಕೌದಿ ಮಡಚಿದಂಗ ಮಡಚಿ ಇಡಬೇಕಾಗ್ತೈತಿ."

"ಹಂಗಾರ ಕೆಂಪು ತಗೊಂಡು ಎರಡ ಸಲ ಹೋಗಿ ಬರ್ರಿ."

"ಮೊದಲ ಯಾರನ್ನ ಕರಕೊಂಡ ಹೋಗ್ಲಿ? ಅದನ್ನ ನೀವ ನಮ್ಮ ಮನಿಗಿ ಹೋಗಿ ಹೇಳಿ ಬರ್ರಿ. ನಾ ಇಲ್ಲೇ ಕುಂತಿರ್ತೇನಿ."

ಸಾಹುಕಾರರು ಕೆಂಪು ಕಾರಿನ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಮತ್ತೆ ನೋಡಿದರು.

ಒಂದೆರಡು ತಿಂಗಳಾದ ಮೇಲೆ ನಾನು ಬಾಗೇವಾಡಿಯ ಗುಡಿಯ ಮುಂದೆ ನಿಂತಿದ್ದಾಗ ಆ ಕೆಂಪು ಕಾರು ಬಂತು. ತೋಟದ ಜೀಪು ಓಡಿಸಿ ಪಳಗಿದ ಅವರ ಹೆಂಡತಿ ಸ್ಟೀರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಅತ್ತೆ ಕೂತಿದ್ದರು. ಬಹಳ ಹೊತ್ತಿನ ಮೇಲೆ ಸಾಹುಕಾರರು ಬೈಕಿನಲ್ಲಿ ಬಂದರು. ಮೈಮೇಲಿನ ಧೂಳು ಜಾಡಿಸಿಕೊಂಡು, ಹ್ಯಾಂಡಲಿಗೆ ತೂಗುಹಾಕಿದ್ದ ತೆಂಗಿನಕಾಯಿಯ ಚೀಲ ಬಿಚ್ಚಿದರು.