ಮಂಜನ ಅಂಗಿಗೆ ಹತ್ತಿದ ಕರೆ

ಮಂಜುನಾಥನ ಬಿಳಿ ಅಂಗಿಯ ಬೆನ್ನಿಗೆ ಎಳನೀರು ಹತ್ತಿದ್ದನ್ನು ನಾನು ನೋಡಿದ್ದೆ. ನೋಡಿಯೂ ಹೇಳಲಿಲ್ಲ. ಅವನೇ ಕೇಳಿದಾಗ ಸುಳ್ಳು ಹೇಳಿದೆ. ಹತ್ತೊಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಇಷ್ಟೇ. ಬರೆದ ಮೇಲೆ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಎದೆ ಹಗುರಾಗಿದೆ, ಸುಳ್ಳೇಕೆ ಹೇಳಲಿ, ಸ್ವಲ್ಪ ನಗುವೂ ಬರುತ್ತಿದೆ — ಮೂರು ಸಾಲಿನ ಮಾತಿಗೆ ಇಷ್ಟು ವರ್ಷ ಬೇಕಾಯಿತಲ್ಲ ಅಂತ.

ನಿಮ್ಮಲ್ಲಿ ಕೆಲವರು ನನ್ನ ಭಾಷಣ ಕೇಳಿರುತ್ತೀರಿ. ನಾನು ತುಮಕೂರಿನ ಒಂದು ಪಂಪ್‌ಸೆಟ್ ಕಂಪನಿಯಲ್ಲಿ ಎಂಜಿನಿಯರ್. ವರ್ಷಕ್ಕೆ ನಾಲ್ಕಾರು ಕಾಲೇಜಿನವರು ಕೊನೆಯ ವರ್ಷದ ಮಕ್ಕಳಿಗೆ ಬುದ್ಧಿ ಹೇಳಿ ಎಂದು ಕರೆಯುತ್ತಾರೆ. ಎಂಜಿನಿಯರ್ ಆದವನು ಯಾಕೆ ಚೆನ್ನಾಗಿ ಬಟ್ಟೆ ಹಾಕಿಕೊಳ್ಳಬೇಕು ಎನ್ನುವುದು ನನ್ನ ವಿಷಯ. ಅಂಗಿಯ ಇಸ್ತ್ರಿ, ಬೂಟಿನ ಪಾಲಿಶ್, ಬೆಲ್ಟಿನ ಬಣ್ಣ ಎಲ್ಲ ಹೇಳಿ ಮುಗಿಸಿ, ಕೊನೆಗೆ ಒಂದು ಕಥೆ ಹೇಳುತ್ತಿದ್ದೆ. ‘ಸಂದರ್ಶನಕ್ಕೆ ನನ್ನ ಜೊತೆ ಒಬ್ಬ ಗೆಳೆಯ ಬಂದಿದ್ದ. ಓದಿನಲ್ಲಿ ನನಗಿಂತ ಮುಂದು. ಆದರೆ ಬೆನ್ನ ತುಂಬ ಕರೆ ಹತ್ತಿದ ಅಂಗಿ ಹಾಕಿಕೊಂಡು ಬಂದ. ಕೆಲಸ ಯಾರಿಗೆ ಸಿಕ್ಕಿತು?’ ಎಂದು ಕೇಳಿ ನನ್ನ ಕಾಲರನ್ನೇ ಮುಟ್ಟಿ ತೋರಿಸುತ್ತಿದ್ದೆ. ಸಭೆ ನಗುತ್ತಿತ್ತು. ಆ ನಗುವಿಗೆಂದೇ ಅಲ್ಲಿ ಒಂದು ಗಳಿಗೆ ಮಾತು ನಿಲ್ಲಿಸುತ್ತಿದ್ದೆ ಕೂಡ.

ಆ ಗೆಳೆಯನೇ ಮಂಜ.

ನಮ್ಮೂರು ಅರಳಗುಪ್ಪೆ, ಅವನದು ಹುಳಿಯಾರಿನ ಹತ್ತಿರದ ಒಂದು ಹಳ್ಳಿ. ಕಾಲೇಜಿನ ನಾಲ್ಕು ವರ್ಷವೂ ಒಂದೇ ರೂಮಿನಲ್ಲಿದ್ದೆವು. ಪರೀಕ್ಷೆಯ ಹಿಂದಿನ ದಿನ ಅವನು ಹೇಳಿಕೊಟ್ಟದ್ದನ್ನೇ ಬರೆದು ಪಾಸಾದವನು ನಾನು. ಕಂಪನಿಯಿಂದ ಇಬ್ಬರಿಗೂ ಸಂದರ್ಶನದ ಕಾಗದ ಬಂತು. ಖಾಲಿ ಇದ್ದ ಕೆಲಸ ಮಾತ್ರ ಒಂದೇ. ಹಿಂದಿನ ದಿನವೇ ಅವನು ನಮ್ಮ ಮನೆಗೆ ಬಂದ. ಅವನ ಅಣ್ಣ ಹುಳಿಯಾರಿನಲ್ಲಿ ಬಟ್ಟೆ ತೆಗೆದು ಹೊಲಿಸಿಕೊಟ್ಟಿದ್ದ ಹೊಸ ಬಿಳಿ ಅಂಗಿ. ಮಡಿಕೆ ಕೆಡಬಾರದೆಂದು ಪೇಪರಿನಲ್ಲಿ ಸುತ್ತಿ ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಬಟ್ಟೆಯ ಬಗ್ಗೆ ಗಮನವಿಲ್ಲದವನು ಎಂದು ನಾನು ಊರೂರಿನಲ್ಲಿ ತೋರಿಸಿದ್ದು ಇವನನ್ನು.

ಬೆಳಿಗ್ಗೆ ಬಸ್ಸು ತಪ್ಪಿತು. ಪಕ್ಕದ ಮನೆಯವರ ಲಗೇಜ್ ಆಟೋ ಎಳನೀರು ತುಂಬಿಕೊಂಡು ತಿಪಟೂರಿಗೆ ಹೊರಟಿತ್ತು, ಹಿಂದೆ ಹತ್ತಿದೆವು. ಮಂಜ ಎಲ್ಲಿಗೂ ಒರಗದೆ ನೆಟ್ಟಗೆ ಕುಕ್ಕರಗಾಲಿನಲ್ಲಿ ಕೂತಿದ್ದ. ಆಟೋ ಒಂದು ಗುಂಡಿಗೆ ಇಳಿದು ಎದ್ದಾಗ ಹಿಂದಕ್ಕೆ ವಾಲಿದ. ಕೀಳುವಾಗಲೇ ಬಿರುಕು ಬಿಟ್ಟಿದ್ದ ಕಾಯಿಯೊಂದು ಅಲ್ಲಿತ್ತು, ಸರಿಯಾಗಿ ಅದಕ್ಕೇ ಬೆನ್ನು ಕೊಟ್ಟ.

“ಬೆನ್ನು ತಣ್ಣಗಾಯ್ತು ಕಣ್ಲಾ ಲೋಕಿ. ಎಳನೀರೇನಾರ ಹತ್ತೈತೇನೋ, ನೋಡ್ಲಾ ವಸಿ” ಅಂದ.

ನೋಡಿದೆ. ಅಂಗೈ ಎರಡರಷ್ಟಗಲ ಒದ್ದೆಯಾಗಿತ್ತು. ಎಳನೀರು ಬಟ್ಟೆಗೆ ಬಿದ್ದಾಗ ಬರೀ ನೀರಿನ ಹಾಗೆ ಕಾಣುತ್ತದೆ. ಒಣಗುತ್ತಾ ಕಂದು ತಿರುಗುತ್ತದೆ, ಆಮೇಲೆ ಯಾವ ಸೋಪಿಗೂ ಬಗ್ಗುವುದಿಲ್ಲ. ನಮ್ಮ ಕಡೆ ಹುಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನನ್ನ ಬ್ಯಾಗಿನಲ್ಲಿ ಅಕ್ಕ ಇಸ್ತ್ರಿ ಮಾಡಿ ಇಟ್ಟಿದ್ದ ಇನ್ನೊಂದು ಅಂಗಿ ಇತ್ತು. ಇಬ್ಬರದೂ ಒಂದೇ ಅಳತೆ.

“ಏನಿಲ್ಲ ಬುಡ್ಲಾ, ಬೆವರು” ಅಂದೆ.

ಯೋಚನೆ ಮಾಡದೆ ಬಾಯಿಗೆ ಬಂದದ್ದು ಎಂದು ಇಲ್ಲಿ ಬರೆದುಬಿಡಲು ಕೈ ಎಳೆಯುತ್ತಿದೆ — ಬರೆಯುವುದಿಲ್ಲ. ಯೋಚನೆ ಮಾಡಿಯೇ ಹೇಳಿದೆ. ಇರುವುದು ಒಂದೇ ಕೆಲಸ, ಇವನು ಇದ್ದರೆ ನನಗೆ ಸಿಗುವುದಿಲ್ಲ — ಇಷ್ಟನ್ನು ಯೋಚಿಸಲು ಎಷ್ಟು ಹೊತ್ತು ಬೇಕು? ಅವನು ನನ್ನ ಮಾತು ನಂಬಿ, ಕೈ ಹಿಂದೆ ಹಾಕಿ ಮುಟ್ಟಿ ಸಹ ನೋಡಲಿಲ್ಲ. ತುಮಕೂರಿನ ಬಸ್ಸಿನಲ್ಲಿ ನಾನು ಅವನ ಹಿಂದೆಯೇ ನಿಂತಿದ್ದೆ. ಗುಬ್ಬಿ ದಾಟುವಷ್ಟರಲ್ಲಿ ಅಂಚು ಕೆಂಪಗೆ ಕಾಣತೊಡಗಿತು. ಆಗಲೂ ಹೇಳಬಹುದಿತ್ತು. ಕಂಪನಿಯ ಗೇಟಿನಲ್ಲಿ ಹೇಳಬಹುದಿತ್ತು. ಅವನನ್ನು ಒಳಗೆ ಕರೆದಾಗ — ಬಿಡಿ.

ಒಳಗೆ ಅವನಿಗೆ ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಹೇಳಿದರಂತೆ. ನಮಗೆಲ್ಲ ಅದೇ ಲೆಕ್ಕ: ಇಷ್ಟು ಆಳದ ಬೋರ್‌ವೆಲ್, ತೋಟ ಇಷ್ಟು ದೂರ, ಎಷ್ಟು ಎಚ್‌ಪಿ ಮೋಟಾರ್ ಬೇಕು? ಉಳಿದವರೆಲ್ಲ ಏಳೂವರೆ ಅಂದಿದ್ದೆವು. ಮಂಜ ಹೊರಗೆ ಬಂದಾಗ ಮುಖ ಸಣ್ಣಗಾಗಿತ್ತು. “ಪೈಪು ವಸಿ ಅಗಲದ್ದು ಹಾಕಿದ್ರೆ ಐದೇ ಸಾಕು ಅಂತ ಬರ್ದೆ ಕಣ್ಲಾ. ತಿರುಗಿ ನೋಡ್ತೀನಿ, ಎಲ್ರೂ ಮುಖ ಮುಖ ನೋಡ್ಕತಾವ್ರೆ. ತಪ್ಪಾಗೋಯ್ತು ಅನ್ಸುತ್ತೆ” ಅಂದ.

ಬೋರ್ಡಿಗೆ ತಿರುಗಿದವನ ಬೆನ್ನು ನೋಡಿ ಅವರು ಮುಖ ಮುಖ ನೋಡಿಕೊಂಡರೆಂದು ನನಗೆ ಆಗಲೇ ಗೊತ್ತಾಯಿತು. “ಇರಬೌದು” ಅಂದೆ.

ಇನ್ನೊಂದನ್ನೂ ಹೇಳಿ ಮುಗಿಸುತ್ತೇನೆ. ಸಂಜೆ ತಿಪಟೂರಿನಲ್ಲಿ ಇಳಿದಾಗ ನಮ್ಮೂರಿಗೆ ಬಸ್ಸು ನಿಂತಿತ್ತು. ಆದರೂ ನಾನೇ ಹಠ ಹಿಡಿದು, ಮಾರದೆ ಉಳಿದ ಒಡಕು ಕಾಯಿಗಳೊಂದಿಗೆ ಊರಿಗೆ ವಾಪಸು ಹೊರಟಿದ್ದ ಅದೇ ಆಟೋಗೆ ಅವನನ್ನು ಹತ್ತಿಸಿದೆ. ಮನೆಗೆ ಬಂದು ಅಂಗಿ ಬಿಚ್ಚಿದಾಗ ಕರೆ ಕಂಡರೆ ಬರುವಾಗ ಹತ್ತಿದ್ದು ಅಂದುಕೊಳ್ಳಲಿ ಎಂದು. ಹಾಗೆಯೇ ಅಂದುಕೊಂಡ. “ಅಯ್ಯೋ, ಅಣ್ಣ ಹೊಲ್ಸಿದ್ ಅಂಗಿ” ಎಂದು ನಮ್ಮ ಹಿತ್ತಿಲಿನ ಕಲ್ಲಿನ ಮೇಲೆ ಅಕ್ಕನ ಕೈಯಿಂದ ಬಾರು ಸೋಪು ಇಸಿದುಕೊಂಡು ತಿಕ್ಕಿದ, ತಿಕ್ಕಿದ. ನಾನು ನೀರು ಸೇದಿ ಹುಯ್ದೆ. ಎಂಥ ಉಪಕಾರಿ ನೋಡಿ.

ಕೆಲಸ ನನಗೆ ಸಿಕ್ಕಿತು. ಕೆಲವು ತಿಂಗಳಾದ ಮೇಲೆ ಊಟಕ್ಕೆ ಕೂತಾಗ ನಮ್ಮ ಸಾಹೇಬರೇ ಮಾತು ತೆಗೆದರು. “ನಿಮ್ಮ ಜೊತೆ ಒಬ್ಬ ಬಂದಿದ್ನಲ್ರೀ, ಅವನೊಬ್ಬಂದೇ ಲೆಕ್ಕ ಸರಿ ಇದ್ದದ್ದು. ನೀವೆಲ್ಲ ಏಳೂವರೆ ಅಂದ್ರಿ. ಆದ್ರೆ ರೈತರ ಮುಂದೆ, ಡೀಲರ್‌ಗಳ ಮುಂದೆ ಹೋಗಿ ನಿಲ್ಲಬೇಕಾದೋನು, ಇಂಟರ್‌ವ್ಯೂಗೇ ಹಂಗೆ ಬಂದ್ರೆ ಹೆಂಗ್ರೀ?” ಅಂದರು. ನಾನು ತಲೆಯಾಡಿಸಿ ಅನ್ನ ಕಲಸಿದೆ. ಅವರ ಆ ಮಾತನ್ನೇ ಮುಂದೆ ಭಾಷಣ ಮಾಡಿಕೊಂಡೆ. ಒಂದು ಸುಳ್ಳನ್ನು ನೂರು ಜನದ ಮುಂದೆ ನೀತಿ ಮಾಡಿ ಹೇಳಿದರೆ ಹೇಳಿದವನಿಗೇ ಅದು ನಿಜ ಅನ್ನಿಸಲು ಶುರುವಾಗುತ್ತದೆ. ನನಗೂ ಹೆಚ್ಚುಕಡಿಮೆ ಹಾಗೇ ಆಗಿತ್ತು.

ಕಳೆದ ತಿಂಗಳು ನಮ್ಮ ಸೀಮೆಯದೇ ಒಂದು ಕಾಲೇಜಿಗೆ ಕರೆದರು. ಕಥೆ ಹೇಳಿದೆ, ನಿಲ್ಲಿಸಿದೆ, ನಗು ಬರಲಿಲ್ಲ. ಬೇರೆ ಕಡೆಯ ಮಕ್ಕಳಿಗೆ ಕರೆ ಅಂದರೆ ಬರೀ ಕೊಳೆ, ತೆಂಗಿನ ನಡುವೆ ಬೆಳೆದ ಇಲ್ಲಿಯವರಿಗೆ ಹಾಗಲ್ಲ. ತುರುವೇಕೆರೆ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ಅದು ಎಳನೀರು ಕರೆನಾ?” ಹೌದಮ್ಮ ಅಂದೆ. “ಹಂಗಾದ್ರೆ ಅದು ಮನೇಲಿ ಹಾಕ್ಕೊಳ್ಳುವಾಗ ಇತ್ತಾ, ದಾರೀಲಿ ಹತ್ತಿದ್ದಾ ಸಾರ್? ನೀವು ಜೊತೇಲೇ ಇದ್ರಲ್ಲ, ಯಾಕೆ ಹೇಳಲಿಲ್ಲ ಅವರಿಗೆ?”

ನಾನು ಮೈಕು ಸರಿ ಮಾಡಿದೆ. ನೀರು ಕುಡಿದೆ. ಸಮಯವಾಯಿತು ಎಂದು ಹೇಳಿ ಕೆಳಗಿಳಿದೆ. ಅವಳು ಸೊಕ್ಕಿನಿಂದ ಕೇಳಿರಲಿಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದಳು. ಅದಕ್ಕೇ ಇರಬೇಕು, ತಡೆಯಲಾಗಲಿಲ್ಲ.

ಮಂಜನಿಗೆ ಹುಳಿಯಾರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಮಾತಾಡುತ್ತಿದ್ದೆ, ಅಂಗಡಿಗೆ ಮಾತ್ರ ಒಮ್ಮೆಯೂ ಕಾಲಿಟ್ಟವನಲ್ಲ. ಮೊನ್ನೆ ಸೋಮವಾರ ರಜೆ ಹಾಕಿ ಹೋದೆ. ಬೋರನಕಣಿವೆ ಕಡೆಯ ರೈತರೊಬ್ಬರು ಹೊಸ ಬೋರಿಗೆ ಎಷ್ಟು ಎಚ್‌ಪಿ ಹಾಕಿಸಲಿ ಎಂದು ಕೇಳುತ್ತಿದ್ದರು. ಮಂಜ ತಾಮ್ರದ ತಂತಿ ಸುತ್ತುತ್ತಾ, “ಅದ್ನೆಲ್ಲ ಕಂಪ್ನಿ ಎಂಜಿನಿಯರ್ ಕೇಳಿ ಯಜಮಾನ್ರೇ. ನಾನು ಸುಟ್ಟಿದ್ದು ಕಟ್ಕೊಡೋನು, ಲೆಕ್ಕ ನಂಗೆ ಹತ್ತಲ್ಲ” ಅಂದ. ನಾಲ್ಕು ವರ್ಷ ನನಗೆ ಲೆಕ್ಕ ಹೇಳಿಕೊಟ್ಟವನು! ನನ್ನಿಂದ ಅವನಿಗೆ ಒಂದು ಕೆಲಸ ತಪ್ಪಿತು ಎಂದಷ್ಟೇ ಇಷ್ಟು ವರ್ಷ ತಿಳಿದಿದ್ದೆ. ಅದಷ್ಟೇ ಅಲ್ಲ ಎಂದು ಅಂಗಡಿಯ ಬಾಗಿಲಲ್ಲಿ ನಿಂತು ಗೊತ್ತಾಯಿತು.

ಕೂರದೆಯೇ ಹೇಳಿದೆ. ಆಟೋ, ಬಿರುಕುಬಿಟ್ಟ ಕಾಯಿ, ಬ್ಯಾಗಿನಲ್ಲಿದ್ದ ಅಂಗಿ, ಸಂಜೆ ಬಸ್ಸು ಬಿಟ್ಟು ಆಟೋ ಹತ್ತಿಸಿದ್ದು, ಭಾಷಣ — ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೋದಂತೆ ನನಗೆ ಉಸಿರು ಸರಾಗವಾಯಿತು. ಅವನು ಕೈಯಲ್ಲಿದ್ದ ತಂತಿ ಕೆಳಗಿಟ್ಟ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದರೆ ಹೊಡೆಸಿಕೊಳ್ಳುವುದೇ ಎಂದೂ ಅಂದುಕೊಂಡಿದ್ದೆ.

“ಅಂಗಿ ವಿಚಾರ ಆಮೇಲೆ. ನನ್ ಲೆಕ್ಕ?” ಅಂದ.

“ಸರಿ ಇತ್ತು ಕಣ್ಲಾ. ನಿಂದೊಬ್ಬಂದೇ.”

“ಐದೇ?”

“ಐದೇ.”

ಅವನು ಗೋಡೆಗೆ ಒರಗಿ ಕೂತ. ಕಣ್ಣು ತುಂಬಿತ್ತು, ಆದರೆ ಮುಖ ಬಿಚ್ಚಿಕೊಳ್ಳುತ್ತಿತ್ತು — ನಾನು ಎಷ್ಟು ಹಗುರಾಗಿದ್ದೆನೋ ಅದರ ಹತ್ತರಷ್ಟು ಅವನು ಹಗುರಾಗುವುದು ನನ್ನ ಕಣ್ಣಿಗೆ ಕಾಣುತ್ತಿತ್ತು. ನನಗೆ ನಾಚಿಕೆಯಾಯಿತು. ಇದೊಂದು ಮಾತನ್ನು ಸಾಹೇಬರು ಹೇಳಿದ ದಿನವೇ ಬಂದು ಹೇಳಿದ್ದರೂ ಸಾಕಾಗುತ್ತಿತ್ತು. ಕರೆಯ ವಿಷಯ ಮುಚ್ಚಿಟ್ಟೇ ಹೇಳಬಹುದಿತ್ತು. ಅಷ್ಟೂ ಮಾಡಲಿಲ್ಲ ನಾನು.

ರೈತರು ಇನ್ನೂ ರಸ್ತೆಯಾಚೆ ಬೈಕಿನ ಹತ್ತಿರವೇ ಇದ್ದರು. ಮಂಜ ಎದ್ದು ಹೋಗಿ ಕೂಗಿದ. “ಯಜಮಾನ್ರೇ, ವಸಿ ನಿಂತ್ಕಳಿ. ನಿಮ್ ಬೋರು ಎಷ್ಟಡಿ? ನೀರು ಎಷ್ಟರಾಗೈತೆ?” ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಬರೆಯತೊಡಗಿದ. ಲೆಕ್ಕ ಸರಿಯೇ ಎಂದು ಅವನು ನನ್ನನ್ನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ.

ರೈತರು ಹೋದ ಮೇಲೆ ನನ್ನ ಕಡೆ ತಿರುಗಿದ. ಆಗ ಮುಖ ಬೇರೆಯಾಗಿತ್ತು. “ಹತ್ತೊಂಬತ್ತು ವರ್ಷ ಕಣ್ಲಾ. ಇವತ್ತು ಹೋಗು ನೀನು. ನಿನ್ನ ಬೈಯ್ಯಾಕೆ ನಂಗೆ ಟೈಮ್ ಬೇಕು. ಅಂಗಡಿ ರಜೆ ಇದ್ದಾಗ ಬಾ, ಭಾನುವಾರ.”

ಚೆನ್ನಾಗಿ ಬಟ್ಟೆ ಹಾಕಿಕೊಳ್ಳಿ ಎಂದು ನಿಮಗೆ ಹೇಳಿದ್ದನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಜನ ಬಟ್ಟೆ ನೋಡುತ್ತಾರೆ, ನೋಡಿಯೇ ನೋಡುತ್ತಾರೆ. ಆದರೆ ಆ ದಿನ ನಮ್ಮಿಬ್ಬರಲ್ಲಿ ಚೆನ್ನಾಗಿ ಬಟ್ಟೆ ಹಾಕಿಕೊಂಡು ಮನೆ ಬಿಟ್ಟವನು ಮಂಜ. ತನ್ನ ಬೆನ್ನು ತನಗೆ ಕಾಣುವುದಿಲ್ಲವೆಂದು ಗೆಳೆಯನನ್ನು ನಂಬಿ ಕೇಳಿದವನೂ ಅವನೇ. ಇನ್ನು ಮುಂದೆ ಯಾವ ಕಾಲೇಜಿಗೆ ಹೋದರೂ ಈ ಕಥೆಯನ್ನು ಹೀಗೇ ಹೇಳುತ್ತೇನೆ. ಆ ಹುಡುಗಿಯ ಕಾಲೇಜಿಗೂ ಇನ್ನೊಮ್ಮೆ ಕರೆಯಿರೆಂದು ನಾನೇ ಕಾಗದ ಹಾಕಿದ್ದೇನೆ.

ನಾಳೆ ಭಾನುವಾರ. ಬೈಸಿಕೊಳ್ಳಲು ಹೋಗುತ್ತಿದ್ದೇನೆ.