ಆಯಿಯ ಮೂರು ದಿನ

ಅರವತ್ತರ ದಶಕ ಶುರುವಾದ ಹೊತ್ತು. ಕುಮಟೆಗೆ ಹತ್ತಿರದ ಹೊಳನಗದ್ದೆಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಮಲಗುವ ಹಕ್ಕಿದ್ದದ್ದು ಅಪ್ಪಯ್ಯನಿಗೆ, ಅಜ್ಜಿಗೆ ಮತ್ತು ಬೆಕ್ಕಿಗೆ. ಆಯಿಗೆ, ಅಂದರೆ ನಮ್ಮ ಅಮ್ಮನಿಗೆ, ಆ ಭಾಗ್ಯ ತಿಂಗಳಿಗೆ ಮೂರೇ ದಿನ. ಮುಟ್ಟಾದೊಡನೆ ಅವಳು ಚಾಪೆ, ಚೊಂಬು ಹಿಡಿದು ಹಿಂದಿನ ಜಗಲಿಗೆ ಹೋಗಿಬಿಡುತ್ತಿದ್ದಳು. ಇದಕ್ಕೆ ‘ಹೊರಗಾಗುವುದು’ ಎನ್ನುತ್ತಿದ್ದೆವು. ಅವಳನ್ನು ಯಾರೂ ಮುಟ್ಟುವಂತಿಲ್ಲ, ಅವಳೂ ಏನನ್ನೂ ಮುಟ್ಟುವಂತಿಲ್ಲ. ಈಗಿನವರಿಗೆ ಕೇಳಿದರೆ ಸಿಟ್ಟು ಬರುತ್ತದೆ, ನನಗೂ ಬರುತ್ತದೆ. ಆದರೆ ಆಯಿ ಅಲ್ಲಿ ಕಾಲು ಚಾಚಿ ಕೂತು, ಬೇಲಿಯಾಚೆ ಮನೆಯಾಕೆ ಕೊಂಕಣಿ ಬಾಯಿಯ ಜೊತೆ ಹರಟೆ ಹೊಡೆದು, ಸಂಜೆಯವರೆಗೆ ಗೊರಕೆ ಹೊಡೆಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ನಾಲ್ಕನೆಯ ದಿನ ಮಿಂದು ಒಳಗೆ ಬರುವಾಗ ಅವಳ ಮುಖ ಸಣ್ಣದಾಗಿರುತ್ತಿತ್ತು.

ಅಜ್ಜಿಗೆ ಮಂಡಿನೋವು, ನನಗೆ ಅಡಿಗೆ ಬಾರದು. ಹಾಗಾಗಿ ಶಾಲೆಯ ಮಾಸ್ತರನಾದ ಅಪ್ಪಯ್ಯನೇ ಪಂಚೆ ಎತ್ತಿ ಕಟ್ಟಿ ಒಲೆ ಹಚ್ಚಬೇಕು. ಅವನಿಗೆ ಬರುತ್ತಿದ್ದದ್ದು ಅನ್ನ ಮತ್ತು ಮಾವಿನಕಾಯಿಯ ಅಪ್ಪೆಹುಳಿ. ಅನ್ನ ಮುದ್ದೆಯಾದರೆ ಅಕ್ಕಿ ಹೊಸದು ಎನ್ನುವನು, ಬೇಯದಿದ್ದರೆ ಅಕ್ಕಿ ಹಳೆಯದು ಎನ್ನುವನು.

ಮದುವೆಯಾಗಿ ಹೋಗಿದ್ದ ಅಕ್ಕ ಚೊಚ್ಚಲ ಬಸುರಿಯಾದ ವರ್ಷ ಎಲ್ಲ ಏರುಪೇರಾಯಿತು. ಆಯಿ ಒಂದೇ ತಿಂಗಳಲ್ಲಿ ಎರಡು ಸಲ ಹೊರಗಾದಳು, ಹುಳಿ ತಿಂದು ನಮ್ಮ ಹಲ್ಲು ಜುಮ್ಮೆಂದಿತು. ಆಮೇಲೆ ತಿಂಗಳು ಉರುಳಿದರೂ ಸುದ್ದಿಯೇ ಇಲ್ಲ. ಮಾಘದ ಚಳಿಯಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಹಾಲು ಉಕ್ಕಿದರೆ ಅಳು, ನಾವು ಸಮಾಧಾನ ಮಾಡಹೋದರೆ ಬೈಗುಳ.

ಜಗಲಿ ಖಾಲಿ ಬಿದ್ದದ್ದು ಬೇಲಿಯಾಚೆ ತಿಳಿಯದೆ ಇರುತ್ತದೆಯೇ? ಕೊಂಕಣಿ ಬಾಯಿ ಬಾಯಿ ತುಂಬ ನಗುತ್ತ ಒಂದು ಬುಟ್ಟಿ ಹುಳಿಹುಳಿ ಬಿಂಬಲಿ ಕಾಯಿ ಕಳಿಸಿದಳು. ಆಯಿಯ ಬಸುರಿ ಬಯಕೆಗಂತೆ! ಅಪ್ಪಯ್ಯ ಆ ಬುಟ್ಟಿ ಕಂಡವನೇ ಪೇಟೆಗೆ ಹೋಗಲು ಯಾರೂ ಸಿಗದ ಗದ್ದೆಬದುವಿನ ದಾರಿ ಹಿಡಿದ. ಆಯಿಗೂ ಅದೇ ದಿಗಿಲು. ಅಕ್ಕ ಹೆರಿಗೆಗೆ ಬರುವವಳು, ಬಾಣಂತನ ಮಾಡುವವಳೇ ಬಾಣಂತಿಯಾದರೆ ಗತಿಯೇನು ಎಂದು ಕೊರಗುತ್ತಿದ್ದಳು.

ಒಂದು ಮಧ್ಯಾಹ್ನ ಅಜ್ಜಿ ಅವಳನ್ನು ಹತ್ತಿರ ಕೂರಿಸಿಕೊಂಡು ಎಲ್ಲ ಕೇಳಿದಳು. ಈ ಅಜ್ಜಿಯ ಮಡಿಗೆ ಊರೇ ಹೆದರುತ್ತಿತ್ತು. ಒಗೆದ ಬಟ್ಟೆಗೆ ಕಾಗೆಯ ನೆರಳು ಬಿದ್ದರೂ ಮತ್ತೆ ಒಗೆಸುವವಳು. ನಾನು ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತಿದ್ದೆ.

“ಎಂತಾ ಬಸುರಿಯೇ?” ಅಜ್ಜಿ ನಕ್ಕಳು. “ಒಂದ್ಸಲ ಬೇಗ, ಒಂದ್ಸಲ ತಡ, ಮೈಯೆಲ್ಲ ಬೆಂಕಿ. ಮುಟ್ಟು ನಿಲ್ಲೋ ಹೊತ್ತು ಇದು, ಕೂಸೆ.”

ಆಯಿಗೆ ಹೋದ ಜೀವ ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುನಗುತ್ತಲೇ ಏನೋ ಹೊಳೆದು, ಕಣ್ಣೊರೆಸಿಕೊಂಡು ಕೇಳಿದಳು.

“ಹಂಗಾರೆ ಇನ್ನು ಆ ಮೂರು ದಿನನೂ ಇಲ್ಯ, ಅತ್ತೆ?”

ಆ ದನಿ ಕೇಳಿದಾಗಲೇ ನನಗೆ ತಿಳಿದದ್ದು. ಅಷ್ಟು ವರ್ಷ ಅವಳ ದಣಿವು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಅಜ್ಜಿ ಕುಟ್ಟಾಣಿ ಎಳೆದುಕೊಂಡು ಎಲೆಅಡಿಕೆ ಕುಟ್ಟತೊಡಗಿದಳು.

“ಚಾಪೆ ತಗಂಡು ಹೋಗು,” ಎಂದಳು.

“ಎಂತಕ್ಕೆ? ನಂಗೆಂತದೂ ಆಜಿಲ್ಲೆ.”

“ನಿಂತ ಮೇಲೆ ನಂಗೂ ಆಗ್ತಿತ್ತಿಲ್ಲೆ. ಆದ್ರೂ ಸುಮಾರು ಕಾಲ ತಿಂಗ್ಳಿಗೆ ಮೂರು ದಿನ ಆ ಜಗಲಿಲಿ ಕೂತಿದ್ದೆ.”

ಆಯಿ ಬಾಯಿ ತೆರೆದು ಅತ್ತೆಯನ್ನೇ ನೋಡಿದಳು. ಅಜ್ಜಿ ಅವಳತ್ತ ತಿರುಗಲೂ ಇಲ್ಲ. ಹೊರಜಗಲಿಯಲ್ಲಿ ಮಲಗಿದ್ದ ಮಗನಿಗೆ ಕೇಳಿಸುವಂತೆ ದೊಡ್ಡ ದನಿ ತೆಗೆದು ಕೂಗಿದಳು: “ತಮಾ, ಏಳು! ನಿನ್ನ ಹೆಂಡ್ತಿ ಹೊರಗಾಜು!”